ಸಂಜೆ ವೋಲ್ಟೇಜಿನ ಷಡ್ಜ

ನನಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭ. ನಾನು ಬಾಯಿ ತೆರೆದರೆ ಸಾಕು, ಅವ್ವ ಒಳಗಿನಿಂದಲೇ "ನೀ ಕೇಳಾಕಿ ಇದ್ದಿ, ಕೇಳು, ಸಾಕು" ಅನ್ನುತ್ತಿದ್ದಳು. ಹಾಗಾಗಿ ನಾನು ಕೇಳುವುದನ್ನೇ ಒಂದು ಕಸುಬು ಮಾಡಿಕೊಂಡೆ. ತೊಂಬತ್ತರ ದಶಕದ ನಡುವಿನ ಮಾತು. ಸೇಡಂನಲ್ಲಿ ಮನೆ, ಚಿತ್ತಾಪುರದಲ್ಲಿ ಗುಮಾಸ್ತಿಕೆ, ನಡುವೆ ರೈಲು. ಹೊಸ ಕ್ಯಾಸೆಟ್ಟು ಬಂತೆಂದರೆ ವಾಡಿ ಸ್ಟೇಷನ್ನಿನ ಹೊರಗಿನ ಅಂಗಡಿಯವನು ನನಗಾಗಿ ಒಂದು ತೆಗೆದಿಡುತ್ತಿದ್ದ. ಶಹಾಬಾದಿನ ಟಾಕೀಸಿಗೆ ಹಾಡುಗಾರರ ಕಥೆಯ ಪಿಕ್ಚರ್ ಬಂದರೆ ಬಿಡುತ್ತಿರಲಿಲ್ಲ. ಸುತ್ತಮುತ್ತ ಎಲ್ಲಿ ಗಾಯನವಿದ್ದರೂ ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ ನಾನಿರುತ್ತಿದ್ದೆ. ಯಾರ ತಾನ್ ಮಸುಕು, ಯಾರ ಆಲಾಪ ಉದ್ದ ಎಂದು ತೀರ್ಪು ಕೊಡುವುದರಲ್ಲಿ ನನಗೆ ಯಾವ ಸಂಕೋಚವೂ ಇರಲಿಲ್ಲ. ತಂಗಿ ನಗುತ್ತಿದ್ದಳು: "ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದಳಂತ."

ತಂಗಿಗೆ ಹಾಡಲು ಬರುತ್ತಿತ್ತು. ನನ್ನ ಹೆದರಿಕೆಗೆಲ್ಲ ಅದೇ ಮೂಲ. ಹೆದರುವುದು ನನ್ನ ಹುಟ್ಟುಗುಣ. ರೈಲು ತಡವಾದರೆ ಹಳಿ ತಪ್ಪಿದೆ ಅಂದುಕೊಳ್ಳುವವಳು ನಾನು. ತಂಗಿ ಒಮ್ಮೆ ಕೆಮ್ಮಿದರೆ ಕಂಠ ಹೋಯಿತೆಂದೇ ಲೆಕ್ಕ. ಮಜ್ಜಿಗೆ ಕುಡಿಯಬೇಡ, ಧೂಳಿನಲ್ಲಿ ನಿಲ್ಲಬೇಡ, ಗೆಳತಿಯರ ಜೊತೆ ಕೂಗಾಡಬೇಡ ಎಂದು ಅವಳ ಜೀವ ತಿನ್ನುತ್ತಿದ್ದೆ. ಸಿಮೆಂಟಿನ ಊರಿನಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ ಎಂದು ಅವಳು ಕೇಳುತ್ತಿದ್ದಳು.

ಅವಳಿಗೆ ಸ್ವರ ಕಲಿಸಿದ ಮಾಸ್ತರರು ವಯಸ್ಸಾಗಿ ಮಗನ ಊರಿಗೆ ಹೋಗಿಬಿಟ್ಟಿದ್ದರು. ಅಲ್ಲಿಂದಾಚೆಗೆ ಅವಳ ಗುರು ಎಂದರೆ ಟೇಪ್ ರೆಕಾರ್ಡರು. ಚಿಂಚೋಳಿಯ ಸೋದರಮಾವ ತಾನು ದೊಡ್ಡದು ಕೊಂಡಾಗ ಹಳೆಯದನ್ನು ನಮಗೆ ಕೊಟ್ಟಿದ್ದ. ಕರೆಂಟಿಗೂ ಓಡುತ್ತಿತ್ತು, ಸೆಲ್ಲಿಗೂ ಓಡುತ್ತಿತ್ತು. ತಂಬೂರಿ ನಮ್ಮ ಮನೆಯಲ್ಲಿರಲಿಲ್ಲ. ಎರಡೂ ಬದಿಗೆ ಬರೀ ತಂಬೂರಿಯೇ ಇರುವ ಒಂದು ಕ್ಯಾಸೆಟ್ಟನ್ನು ನಾನು ವಾಡಿಯಿಂದ ತಂದುಕೊಟ್ಟಿದ್ದೆ. ಅದರ ಮೇಲೆ 'ಕಪ್ಪು ನಾಲ್ಕು' ಎಂದು ಅಚ್ಚಾಗಿತ್ತು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯೇ ಷಡ್ಜ, ಹಾಡಿನ 'ಸ'. ಅದರ ಜೊತೆಗೆ ನನ್ನ ಮೆಚ್ಚಿನ ಗವಾಯಿಯೊಬ್ಬರ ಕ್ಯಾಸೆಟ್ಟು. ಆ ಗವಾಯಿಗಳ ಕಂಠದ ಗಾಂಭೀರ್ಯಕ್ಕೆ ನಾನು ಮನಸೋತಿದ್ದೆ. ತುಂಬಿದ ಬಾವಿಯೊಳಗಿಂದ ಬಂದಂಥ ದನಿ, ಅವಸರವೇ ಇಲ್ಲದ ನಡೆ. ತಂಗಿ ಅದನ್ನು ಕೇಳುವುದು, ನಿಲ್ಲಿಸುವುದು, ಆಮೇಲೆ ತಂಬೂರಿಯ ಕ್ಯಾಸೆಟ್ಟು ಹಾಕಿ ಹಾಡುವುದು, ಹೀಗೆ ಕಲಿತಳು.

ಆದರೆ ಯಾವಾಗ? ಬೆಳಗು ನಮ್ಮ ಮನೆಯಲ್ಲಿ ಮಡಿಯದು. ಅಪ್ಪ ಗುಡಿಯ ಪೂಜೆಗೆ, ಅವ್ವ ನೈವೇದ್ಯದ ಅಡುಗೆಗೆ, ತಂಗಿ ಅವ್ವನ ಕೈಕೆಳಗೆ. ಟೇಪ್ ರೆಕಾರ್ಡರಿಗೋ ಚರ್ಮದ ಚೀಲ. ಅದನ್ನು ಮುಟ್ಟಿದವರು ಮತ್ತೆ ಸ್ನಾನ ಮಾಡಬೇಕು. ನೈವೇದ್ಯವಾಗಿ ಊಟ ಮುಗಿಯುವ ಹೊತ್ತಿಗೆ ಅವಳಿಗೆ ಕಾಲೇಜಿನ ಹೊತ್ತು. ಹಾಗಾಗಿ ಹಾಡಿನ ರಿಯಾಜು ದೀಪ ಹಚ್ಚಿದ ಮೇಲೆಯೇ. ಆ ಹೊತ್ತಿಗೆ ನಮ್ಮ ಓಣಿಯ ಬಲ್ಬುಗಳೆಲ್ಲ ಹಳದಿಗೆ ತಿರುಗಿರುತ್ತಿದ್ದವು. ಸೆಲ್ ಹಾಕೋಣವೆಂದರೆ ಅಪ್ಪನ ಕಣ್ಣಿಗೆ ಅದು ದುಂದು. "ಕರೆಂಟ್ ಇರಲಿಕ್ಕೆ ಸೆಲ್ ಯಾಕ?" ಅನ್ನುತ್ತಿದ್ದರು.

ಪಿ.ಯು.ಸಿ. ಮುಗಿಯುತ್ತ ಬಂದಾಗ ತಂಗಿ ಒಂದು ದಿನ ಊಟಕ್ಕೆ ಕೂತಲ್ಲೇ ತನಗೆ ಹಾಡನ್ನೇ ಕಲಿಯಬೇಕಾಗಿದೆ ಎಂದುಬಿಟ್ಟಳು. ಅಪ್ಪ ಊಟ ಮುಗಿಸಿ, ಕೈ ತೊಳೆದುಕೊಂಡು ಬಂದು ಹೇಳಿದರು: "ಬಲ್ಲವರೊಬ್ಬರು ಕೇಳಿ ಹೌದು ಅಂದ್ರ ಕಲಿ. ಅಲ್ಲ ಅಂದ್ರ ಟಿ.ಸಿ.ಎಚ್. ಸೇರು, ಮಾಸ್ತರಿಕಿ ಏನು ಕೆಟ್ಟದ್ದಲ್ಲ. ಆದ್ರ ಆಮ್ಯಾಲ ನನ್ನ ಮುಂದ ಹಾಡಿನ ಮಾತು ಬ್ಯಾಡ." ಅಪ್ಪ ಆಡಿದ ಮಾತು ತಿರುಗಿಸಿದ್ದನ್ನು ನಾವು ಕಂಡಿಲ್ಲ. ತಂಗಿಯೂ ಅವರ ಮಗಳೇ. ಅಂದು ಸಂಜೆ ಅವಳು ನನ್ನ ಕಿವಿಯಲ್ಲಿ, "ಅಲ್ಲ ಅಂದ್ರ ನಾ ಮನ್ಯಾಗೂ ಹಾಡಂಗಿಲ್ಲಕ್ಕಾ" ಅಂದಳು. ಅವಳು ಹಾಗೆಯೇ ಮಾಡುತ್ತಾಳೆಂದು ನನಗೆ ಗೊತ್ತಿತ್ತು.

ಬಲ್ಲವರು ಯಾರು? ಅದಕ್ಕೂ ದಾರಿ ತಾನಾಗಿ ತೆರೆಯಿತು. ಅದೇ ಗವಾಯಿಗಳ ಬೆಳಗಿನ ಕಛೇರಿ ಶಹಾಬಾದಿನಲ್ಲಿ ಗೊತ್ತಾಯಿತು. ಅವರು ಇಳಿದುಕೊಳ್ಳುವ ಮನೆಯವರು ಅಪ್ಪನಿಗೆ ಬೇಕಾದವರು. ಕಛೇರಿಯಾದ ಮಧ್ಯಾಹ್ನ ಹುಡುಗಿಯ ಹಾಡು ಕೇಳುತ್ತೇನೆಂದು ಗವಾಯಿಗಳು ಒಪ್ಪಿದರು. ನಾನು ಹಿಗ್ಗಿದೆ, ಹಿಗ್ಗಿನ ಬೆನ್ನಿಗೇ ಹೆದರಿದೆ.

ಆ ನಡುವೆ ಶಹಾಬಾದಿಗೆ ಒಂದು ಪಿಕ್ಚರ್ ಬಂತು. ಹಾಡುಗಾರನೊಬ್ಬನ ಕಂಠ ಹೋಗುವ ಕಥೆ. ಹಾಡುಗಳ ಕ್ಯಾಸೆಟ್ಟು ಮೊದಲೇ ನಮ್ಮ ಮನೆಗೆ ಬಂದು ಬಾಯಿಪಾಠವಾಗಿತ್ತು. ತಂಗಿಯನ್ನು ಕರೆದುಕೊಂಡು ಭಾನುವಾರದ ಮ್ಯಾಟಿನಿಗೆ ಹೋದೆ. ನಾಯಕ ವೇದಿಕೆಯ ಮೇಲೆ ಗಂಟಲು ಹಿಡಿದುಕೊಂಡಾಗ ನಾನು ತಂಗಿಯ ಕೈ ಹಿಡಿದುಕೊಂಡೆ. ಅವಳ ಗಮನ ಬೇರೆಲ್ಲೋ ಇತ್ತು.

"ಅಕ್ಕಾ, ಹಾಡು ನಮ್ಮ ಮನ್ಯಾಗಿಂದಕ್ಕಿಂತ ಮ್ಯಾಲ ಇದ್ದಂಗ ಅದಲ್ಲ?"

"ರೀಲ್ ಜೋರ್ ಓಡಸ್ತಾರ. ಮುಂದಿನ ಶೋಕ್ಕ ಮಂದಿ ಹೊರಗ ನಿಂತಾರ" ಅಂದೆ. ನನಗೆ ಅದು ಖಾತ್ರಿಯಿತ್ತು. ಹಿಂದೆ ಕಲಬುರಗಿಯ ಕಡೆ ಒಬ್ಬ ಗಾಯಕಿಯ ಕಛೇರಿ ಕೇಳಿದಾಗಲೂ, ಅವರ ದನಿ ಕ್ಯಾಸೆಟ್ಟಿನದಕ್ಕಿಂತ ತೆಳ್ಳಗೆ ಅನ್ನಿಸಿದಾಗ, ನೆಗಡಿಯಿರಬೇಕೆಂದು ತೀರ್ಪು ಕೊಟ್ಟವಳು ನಾನೇ. ಅರಿವಿಲ್ಲದವರಿಗೆ ಕಾರಣಗಳಿಗೇನು ಬರ.

ಕಛೇರಿಗೆ ಇನ್ನು ಕೆಲವೇ ದಿನ ಇದ್ದಾಗ ನನ್ನ ಆಫೀಸಿನ ಗೆಳತಿಯೊಬ್ಬಳು ವಾಡಿಯ ತನ್ನ ಮನೆಗೆ ಕರೆದಳು. ಅವಳ ಗಂಡ ಅಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿದ್ದರು. ಅವರ ಕಾಲೊನಿಯಲ್ಲಿ ಸಂಜೆಗೂ ದೀಪ ಬೆಳ್ಳಗೆ ಉರಿಯುತ್ತಿತ್ತು. ನಾನು ಚೀಲದಲ್ಲಿದ್ದ ಗವಾಯಿಗಳ ಕ್ಯಾಸೆಟ್ಟನ್ನು ದೊಡ್ಡಸ್ತಿಕೆಯಿಂದ ತೆಗೆದು, "ಕೇಳು, ಕಂಠ ಅಂದ್ರ ಹಿಂಗಿರಬೇಕು" ಅಂದೆ. ಹಾಡು ಶುರುವಾಯಿತು. ಯಾರೋ ಬೇರೆಯವರು ಹಾಡುತ್ತಿದ್ದರು. ದನಿ ಚೂಪು, ನಡೆ ಚುರುಕು.

"ನಿಮ್ಮ ಟೇಪ್ ಭಾಳ ಜೋರ್ ಓಡ್ಲಿಕತ್ತದ" ಅಂದೆ.

ಗೆಳತಿಗೆ ಸಿಟ್ಟು ಬಂತು. "ನಮ್ಮದು ಹೋದ ತಿಂಗಳಷ್ಟs ತಂದದ್ದು. ನಿಮ್ಮ ಊರ ಕರೆಂಟ್ ಮೊದಲು ನೋಡಿಕೋ" ಅಂದಳು.

ಅವಳು ಸಿಟ್ಟಿಗೆ ಆಡಿದ ಮಾತು. ಆದರೆ ನನಗೆ ನಮ್ಮ ಓಣಿಯ ಸಂಜೆಯ ಹಳದಿ ಬಲ್ಬು ನೆನಪಾಯಿತು. ಚೀಲದಲ್ಲಿ ತಂಬೂರಿಯ ಕ್ಯಾಸೆಟ್ಟೂ ಇತ್ತು. ಹಾಕಿಸಿದೆ. ಅವರ ಮನೆಯಲ್ಲಿ ಭಜನೆಗೆಂದು ಇಟ್ಟುಕೊಂಡ ಹಾರ್ಮೋನಿಯಂ ಇತ್ತು. ನಾಲ್ಕನೆಯ ಕಪ್ಪು ಮನೆ ಒತ್ತಿಸಿದೆ. ತಂಬೂರಿ ಅದರ ಜೊತೆ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡಿತು. ಹಾಗಾದರೆ ನಮ್ಮ ಮನೆಯಲ್ಲಿ ದಿನಾ ಸಂಜೆ ಕೇಳುತ್ತಿದ್ದುದು ಏನು?

ಮರುದಿನ ನಸುಕಿನಲ್ಲಿ, ಇನ್ನೂ ಯಾರೂ ಸ್ನಾನ ಮಾಡುವ ಮೊದಲು, ಪಡಸಾಲೆಯಲ್ಲಿ ಟೇಪು ಹಚ್ಚಿದೆ. ನಸುಕಿನಲ್ಲಿ ಬಲ್ಬು ಬೆಳ್ಳಗಿತ್ತು, ತಂಬೂರಿಯ ಸ್ವರ ವಾಡಿಯಲ್ಲಿ ಇದ್ದಲ್ಲೇ ಇತ್ತು. ಅವ್ವ ಎದ್ದು ಬಂದು, "ನಸುಕಿನಾಗ ಅದನ್ಯಾಕ ಮುಟ್ಟೀದಿ, ಇನ್ನ ಮೈಮ್ಯಾಲ ನೀರ ಹಾಕ್ಕೋ ಹೋಗು" ಎಂದು ಬೈದಳು. ಸಂಜೆ ತಂಗಿ ಹಾಡುತ್ತಿದ್ದಾಗ ಅವಳ ಷಡ್ಜವನ್ನು ಕಿವಿಯಲ್ಲಿ ಹಿಡಿದುಕೊಂಡು ಮನೆಯ ಪಕ್ಕದ ಗುಡಿಗೆ ಓಡಿದೆ. ನನಗೆ ಕಂಠವಿಲ್ಲದಿದ್ದರೂ ಕಿವಿ ಇತ್ತು. ಅಲ್ಲಿನ ಭಜನೆಯ ಪೇಟಿಯ, ಅಂದರೆ ಹಾರ್ಮೋನಿಯಂನ ಮೇಲೆ ಆ ಸ್ವರ ಹುಡುಕಿದೆ. ಕಪ್ಪು ನಾಲ್ಕು ಅಲ್ಲವೇ ಅಲ್ಲ. ಕಪ್ಪು ಮೂರಕ್ಕೂ ಅದರ ಪಕ್ಕದ ಬಿಳಿಗೂ ನಡುವೆ, ಯಾವ ಮನೆಯೂ ಇಲ್ಲದ ಸಂದಿಯಲ್ಲಿ ನನ್ನ ತಂಗಿ ನಿಂತು ಹಾಡುತ್ತಿದ್ದಳು. ಸಂಜೆ ವೋಲ್ಟೇಜು ಬಿದ್ದಾಗ ಟೇಪು ಮೆಲ್ಲಗೆ ಓಡುತ್ತಿತ್ತು, ಸ್ವರ ಇಳಿಯುತ್ತಿತ್ತು, ಅವಳ ಕಂಠ ಅದರ ಜೊತೆಗೇ ಇಳಿದು ಅಲ್ಲೇ ಮನೆ ಮಾಡಿತ್ತು. ನಾನು ಮೆಚ್ಚಿದ ಗಾಂಭೀರ್ಯವೂ ಅಷ್ಟೇ, ನಮ್ಮ ಓಣಿಯ ಕರೆಂಟಿನದು.

ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಹೇಳಿದರೆ ಹುಡುಗಿಯ ಧೈರ್ಯ ಕುಸಿಯುತ್ತದೆ. ಇಷ್ಟು ದಿನ ಹಾಡಿದ್ದೆಲ್ಲ ಸೊಟ್ಟ ಎಂದು ಬಾಯಿ ಮುಚ್ಚಿ ಕೂತರೆ? ಹೇಳದಿದ್ದರೆ ಅಲ್ಲಿ ನಿಜವಾದ ಕಪ್ಪು ನಾಲ್ಕು ಹಿಡಿಯುತ್ತಾರೆ, ಮೇಲಿನ ಷಡ್ಜಕ್ಕೆ ಹೋದಾಗ ಅವಳ ಕಂಠ ಒಡೆಯುತ್ತದೆ. ಅಪ್ಪ ಮರುದಿನವೇ ಟಿ.ಸಿ.ಎಚ್. ಅರ್ಜಿ ತರುತ್ತಾರೆ. ಆಫೀಸಿನಲ್ಲಿ ಕೂತರೂ ಇದೇ, ಅನ್ನ ಕಲಿಸಿದರೂ ಇದೇ. ದಿನಾ ಸಂಜೆ ಇವತ್ತು ಹೇಳುತ್ತೇನೆ ಎಂದು ಪಡಸಾಲೆಗೆ ಬರುತ್ತಿದ್ದೆ. ಅವಳು ಕಣ್ಣು ಮುಚ್ಚಿ ಹಾಡುವುದನ್ನು ಕಂಡು, ನಾಳೆ ನೋಡೋಣ ಎಂದು ತಿರುಗಿ ಹೋಗುತ್ತಿದ್ದೆ.

ಕೊನೆಗೆ ಹೇಳಿದ್ದು ಶಹಾಬಾದಿಗೆ ಹೊರಟ ದಿನ, ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ. ಅಪ್ಪ ಸ್ವಲ್ಪ ದೂರದಲ್ಲಿ ಗಾಡಿ ನೋಡುತ್ತ ನಿಂತಿದ್ದರು.

"ಯಾವ ಸ್ವರ ಅಂತ ಕೇಳಿದ್ರ ನಂಬರ್ ಹೇಳಬ್ಯಾಡ. ನಿನ್ನ ಸ ಹಚ್ಚಿ ತೋರಸು."

"ಯಾಕಕ್ಕಾ? ಕಪ್ಪು ನಾಲ್ಕs ಅಲ್ಲೇನು?"

"ಹಂಗs ಮಾಡು ಅಂದ್ರ ಮಾಡು."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಇನ್ನಷ್ಟು ಬಿಡಿಸಿ ಹೇಳುವಷ್ಟರಲ್ಲಿ ಗಾಡಿ ಬಂತು, ಅಪ್ಪ ಕೈ ಬೀಸಿ ಕರೆದರು.

ಕಛೇರಿ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಕೆಳಗೆ ಅದೇ ಊರಿನ ಪರಸಿ ಕಲ್ಲು, ಜಮಖಾನೆ ಹಾಸಿದ್ದರೂ ತಣ್ಣಗೆ ಕೊರೆಯುತ್ತಿತ್ತು. ಗವಾಯಿಗಳು ಬಾಯಿ ತೆರೆದರು. ವಾಡಿಯಲ್ಲಿ ಕೇಳಿದ ಚೂಪು ದನಿ. ನನಗೆ ಮೊದಲೇ ಗೊತ್ತಿತ್ತು. ಆದರೂ, ಇಷ್ಟು ವರ್ಷ ನಾನು ಒಲಿದದ್ದು ಇವರಿಗಲ್ಲವಲ್ಲ ಅನ್ನಿಸಿತು. ತಂಗಿ ನನ್ನ ಕಡೆ ತಿರುಗಿದಳು.

"ಅಕ್ಕಾ, ಇವರು ಅವರs ಏನು?"

"ಅವರs" ಅಂದೆ. ಸುತ್ತಲಿನ ಜನ "ವ್ಹಾ, ವ್ಹಾ" ಅನ್ನುತ್ತಿದ್ದರು.

ಮಧ್ಯಾಹ್ನ ಆ ಮನೆಯ ನಡುಕೋಣೆಯಲ್ಲಿ ಗವಾಯಿಗಳು ಲೋಡಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಪೇಟಿಯವರು, ತಂಬೂರಿ ಹಿಡಿದ ಒಬ್ಬ ಶಿಷ್ಯ. ಅಪ್ಪ ಶಲ್ಯ ಸರಿಮಾಡಿಕೊಂಡು ಬಾಗಿಲ ಹತ್ತಿರ ಕೂತರು. ನಾನು ಮನೆಯ ಹೆಂಗಸರ ಜೊತೆ ಒಳಗಿನ ಹೊಸ್ತಿಲಲ್ಲಿ.

"ಯಾವುದು ಹಿಡೀಲಿವ್ವಾ?" ಎಂದರು ಪೇಟಿಯವರು.

ತಂಗಿ ನನ್ನನ್ನು ನೋಡಿದಳು. ಹೆದರಿದ ಮನುಷ್ಯರು ಅಚ್ಚಾದದ್ದನ್ನೇ ನಂಬುತ್ತಾರೆ. "ಕಪ್ಪು ನಾಲ್ಕರಿ" ಅಂದಳು.

ಮೊದಲ ಆಲಾಪದಲ್ಲೇ ದನಿ ಬಿಗಿದಿತ್ತು. ಕೆಳಗೆಲ್ಲ ಹೇಗೋ ಸಾಗಿಸಿದಳು. ಮೇಲಿನ ಷಡ್ಜಕ್ಕೆ ಏರುವಾಗ ಕಂಠ ಒಡೆದು ನಿಂತಿತು. ಮತ್ತೆ ಹಿಂದಿನಿಂದ ಬಂದಳು, ಮತ್ತೆ ಅಲ್ಲೇ ನಿಂತಳು. ಪೇಟಿಯವರು ಗವಾಯಿಗಳ ಮುಖ ನೋಡಿದರು. ಅಪ್ಪ ನೆಲ ನೋಡುತ್ತಿದ್ದರು. ಗವಾಯಿಗಳು ಏನೋ ಹೇಳಲು ಬಾಯಿ ತೆರೆಯುತ್ತಿದ್ದರು. ಅದು 'ಅಲ್ಲ' ಎಂಬುದೇ ಎಂದು ನನಗೆ ಖಾತ್ರಿಯಾಯಿತು.

"ಅದು ಆಕಿ ಸ್ವರ ಅಲ್ರಿ!" ಎಂದು ಕೂಗಿಬಿಟ್ಟೆ. ಅಷ್ಟು ಜನ ಗಂಡಸರ ನಡುವೆ ನನ್ನ ಕತ್ತೆಯ ಕಂಠ. "ನಮ್ಮ ಮನಿ ಕರೆಂಟಿನ ತಪ್ಪರಿ ಅದು."

"ಕರೆಂಟs?" ಎಂದರು ಗವಾಯಿಗಳು.

"ಸಂಜಿಮುಂದ ವೋಲ್ಟೇಜ್ ಇರಂಗಿಲ್ರಿ. ಟೇಪ್ ಮೆತ್ತಗ ಓಡ್ತದರಿ. ಮುಂಜಾನೆ ಮಡಿ, ಟೇಪ್ ಮುಟ್ಟಂಗಿಲ್ರಿ. ಈಕಿ ದಿನಾ ಸಂಜಿ ಅದರ ಸಂಗಾಟನs ಹಾಡಿ ಹಾಡಿ ತೆಳಗ ಕುಂತಾಳ್ರಿ. ಆಕಿಗಿ ಇದು ಇನ್ನs ಗೊತ್ತಿಲ್ರಿ."

ಪೇಟಿಯವರು ಗಹಗಹಿಸಿ ನಕ್ಕರು. ಹೊಸ್ತಿಲಲ್ಲಿದ್ದ ಹೆಂಗಸರೂ ನಕ್ಕರು. ತಂಗಿ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಗವಾಯಿಗಳೂ ನಗಲಿಲ್ಲ.

"ಪೇಟಿ ಬಂದ್ ಮಾಡು" ಅಂದರು. ಆಮೇಲೆ ತಂಗಿಗೆ, "ನಿನ್ನ ಸ ತೋರಸು, ತಾಯಿ."

ಅವಳು ಕಣ್ಣು ಮುಚ್ಚಿ ತನ್ನ ಷಡ್ಜ ಹಚ್ಚಿದಳು. ಶಿಷ್ಯ ತಂತಿಗಳನ್ನು ಸಡಿಲಿಸುತ್ತ ಹೋದ. ಆ ಸಂದಿಯ ಸ್ವರಕ್ಕೆ ತಂಬೂರಿ ಬಂದು ನಿಂತಾಗ ನಮ್ಮ ಪಡಸಾಲೆಯ ಸಂಜೆಯೇ ಅಲ್ಲಿಗೆ ಬಂದ ಹಾಗಾಯಿತು. ಅವಳು ಹಾಡಿದಳು. ಗವಾಯಿಗಳ ಕ್ಯಾಸೆಟ್ಟಿನ ಅದೇ ಹಾಡು, ಅದೇ ತಿರುವುಗಳು, ನಮ್ಮ ಮನೆಯ ಅದೇ ನಿಧಾನದಲ್ಲಿ. ಮೇಲಿನ ಷಡ್ಜಕ್ಕೆ ಹೋದಳು, ನಿಂತಳು, ತನ್ನ ಪಾಡಿಗೆ ಇಳಿದು ಬಂದಳು. ನಾನು ಹೊಸ್ತಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮುಗಿದ ಮೇಲೆ ಗವಾಯಿಗಳು ಲೋಡು ಬಿಟ್ಟು ನೆಟ್ಟಗೆ ಕೂತರು. "ಯಾರ ಕಡೆ ಕಲತಿ ಇದನ್ನ?"

"ನಿಮ್ಮ ಕ್ಯಾಸೆಟ್ಟಿನ ಕಡೆರಿ."

"ನನ್ನ ಕ್ಯಾಸೆಟ್ಟಿನಾಗ ಇಷ್ಟು ಸಮಾಧಾನ ಎಲ್ಲದವ್ವಾ? ಒಂದು ಬದಿಯೊಳಗ ಮುಗಸ್ರಿ ಅಂತ ರೆಕಾರ್ಡಿಂಗ್ ಮಾಡೋರು ಗಾಜಿನ ಆಚೀಕಡೆ ಕುಂತು ಕೈ ಮಾಡ್ಲಿಕತ್ತಿದ್ರು. ನಾ ಓಡಿಕೋತ ಮುಗಸೀನಿ. ನೀ ನಡಕೋತ ಬಂದಿ."

ಆಮೇಲೆ ಅಪ್ಪನ ಕಡೆ ತಿರುಗಿದರು. "ಹುಡುಗಿ ಕಂಠ ಮ್ಯಾಲಿಂದದರಿ. ತೆಳಗ ಕುಂತು ಕುಂತು ಜಡ್ಡುಗಟ್ಟ್ಯದ. ಈ ಸ್ವರ ಪೂರಾ ಬಿಡಬೇಕು, ಮೊದಲಿಂದ ಕಲೀಬೇಕು. ಆಗ್ತದೇನು?"

"ನೀವು ಹೌದಂತೀರೋ, ಅಲ್ಲಂತೀರೋ ಅಷ್ಟು ಹೇಳ್ರಿ" ಎಂದರು ಅಪ್ಪ.

"ಹೌದು ಅಂತೀನ್ರಿ."

ಅಪ್ಪ ಶಲ್ಯವನ್ನು ಮತ್ತೊಮ್ಮೆ ಸರಿಮಾಡಿಕೊಂಡರು. ವಾಪಸು ಬರುವಾಗ ವಾಡಿಯಲ್ಲಿ ಗಾಡಿಗೆ ಕಾಯುತ್ತ, "ದೊಡ್ಡವರ ಮುಂದ ಹಂಗ ಬಾಯಿ ಹಾಕ್ತಾರೇನು?" ಎಂದು ನನ್ನನ್ನು ಗದರಿದರು. ಸ್ವಲ್ಪ ಹೊತ್ತು ಬಿಟ್ಟು, "ಚಾ ಕುಡಿತೀರೇನು?" ಎಂದು ಕೇಳಿದರು. ಹೊರಗಿನ ಚಹಾ ನಮಗೆ ಅವರು ಕೊಡಿಸಿದ್ದು ಅದೊಂದೇ ಸಲ.

ತಂಗಿ ಗವಾಯಿಗಳ ಊರಿಗೆ ಹೋದಳು. ನಾನು ಹೆದರುವುದನ್ನು ಬಿಡಲಿಲ್ಲ. ಅಲ್ಲಿ ಊಟ ಹೇಗೋ, ನೀರು ಹೇಗೋ, ಕಂಠ ಏರಿತೋ ಇಲ್ಲವೋ. ಏರಿತು. ಎರಡು ಸಾವಿರದ ದಶಕ ಬಂತು. ಓಣಿಯ ಬಲ್ಬುಗಳು ಸಂಜೆಗೂ ಬೆಳ್ಳಗೆ ಉರಿಯತೊಡಗಿದವು, ಗವಾಯಿಗಳ ಹಳೆಯ ಕ್ಯಾಸೆಟ್ಟು ನಮ್ಮ ಮನೆಯಲ್ಲೂ ಚೂಪಾಯಿತು. ವಾಡಿಯ ಅಂಗಡಿಯಲ್ಲಿ ಕ್ಯಾಸೆಟ್ಟಿನ ಜಾಗಕ್ಕೆ ಸಿ.ಡಿ.ಗಳು ಬಂದವು. ನಾನೂ ಒಂದು ಸಿ.ಡಿ. ಪ್ಲೇಯರ್ ತಂದೆ. ಕಛೇರಿಗಳಿಗೆ ಹೋಗಿ ಮೊದಲ ಸಾಲಿನಲ್ಲಿ ಕೂತೆ. ನೆಗಡಿಯ ತೀರ್ಪು ಕೊಡುವುದನ್ನು ಮಾತ್ರ ಬಿಟ್ಟಿದ್ದೆ.

ಒಂದು ದಿನ ತಂಗಿಯದೇ ಸಿ.ಡಿ. ಬಂತು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಚ್ಚಿದೆ. ತಿಳಿಯಾದ, ಎತ್ತರದ, ಎಲ್ಲೂ ಕುಂದಿಲ್ಲದ ಹಾಡು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಆದರೆ ನನ್ನದು ಬರೀ ಸಂತೋಷದ ಅಳುವಾಗಿರಲಿಲ್ಲ. ಆ ಹಾಡಿನ ತುಂಬ ಹುಡುಕಿದರೂ ನಮ್ಮ ಪಡಸಾಲೆಯಲ್ಲಿ ಕೂತು ಹಾಡುತ್ತಿದ್ದ ಹುಡುಗಿ ಸಿಗಲಿಲ್ಲ. ಅವಳು ಹೋಗಿಬಿಟ್ಟಳು ಎಂದು ಆವತ್ತು ನಿಜವಾಗಿ ಅನ್ನಿಸಿತು. ಸಿ.ಡಿ.ಯನ್ನು ನಿಧಾನ ಮಾಡುವಂತಿಲ್ಲ. ಓಡಿದರೆ ಸರಿಯಾಗಿ ಓಡುತ್ತದೆ, ಇಲ್ಲದಿದ್ದರೆ ನಿಂತೇಬಿಡುತ್ತದೆ.

ವಾಡಿಯ ಅಂಗಡಿಯವನನ್ನು ಕಾಡಿ ಬೇಡಿ ಆ ಸಿ.ಡಿ.ಯನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದೆ. "ಮಂದಿ ಕ್ಯಾಸೆಟ್ಟಿನಿಂದ ಸಿ.ಡಿ. ಮಾಡಸ್ತಾರ, ನೀವು ಉಲ್ಟಾ ರೀ" ಎಂದು ಅವನು ನಕ್ಕ. ಟಾರ್ಚಿನಲ್ಲಿದ್ದ, ಮುಕ್ಕಾಲು ಮುಗಿದ ಸೆಲ್ಲುಗಳನ್ನು ತೆಗೆದು ಮಾವನ ಹಳೆಯ ಟೇಪಿಗೆ ಹಾಕಿಟ್ಟುಕೊಂಡೆ. ಸೊರಗಿದ ಸೆಲ್ಲಿಗೂ ಟೇಪು ಮೆಲ್ಲಗೇ ಓಡುತ್ತದೆ.

ಮುಂದಿನ ಸಲ ತಂಗಿ ಊರಿಗೆ ಬಂದಾಗ, ಬೆಳಿಗ್ಗೆ, ಅವಳು ಒಳಗೆ ಮಡಿಯಲ್ಲಿ ಅವ್ವನಿಗೆ ಕೈಗೂಡಿಸುತ್ತಿದ್ದಳು. ಅಪ್ಪ ಗುಡಿಯಲ್ಲಿದ್ದರು. ನಾನು ಪಡಸಾಲೆಯಲ್ಲಿ ಮೆಲ್ಲಗೆ ಟೇಪು ಹಚ್ಚಿದೆ. ಬಂತು. ಆ ಸಂದಿಯ ಷಡ್ಜ, ಆ ಭಾರ, ಆ ನಿಧಾನ. ಒಳಗೆ ಪಾತ್ರೆಯ ಸದ್ದು ನಿಂತಿತು. ತಂಗಿ ಒದ್ದೆ ಕೂದಲಲ್ಲಿ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು.

"ಅಕ್ಕಾ, ಇದು ಯಾರು?"

"ನೀನs."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಸ್ವಲ್ಪ ಕೇಳಿ, ಟೇಪಿನ ಜೊತೆ ತಾನೂ ಸಣ್ಣಗೆ ದನಿಗೂಡಿಸಿದಳು. ಬಿಡು ಎಂದು ಹೇಳಿಸಿಕೊಂಡು ಬಿಟ್ಟಿದ್ದ ಸ್ವರದಲ್ಲಿ ಹಾಡಿದಳು. ಸೆಲ್ಲು ಮುಗಿಯುತ್ತ ಬಂದಿತ್ತು, ಟೇಪಿನ ದನಿ ಇನ್ನೂ ಕೆಳಕ್ಕೆ ಜಾರುತ್ತಿತ್ತು. ತಂಗಿ ಅದನ್ನು ಬಿಡದೆ ಅದರ ಜೊತೆ ಇಳಿಯುತ್ತಿದ್ದಳು. ಇವಳ ಕಂಠ ಮತ್ತೆ ಕೆಳಗೇ ಕೂತುಬಿಟ್ಟರೆ ಎಂದು ಹೆದರಿ ನಾನು ಟೇಪಿನ ಗುಂಡಿಗೆ ಕೈ ಹಾಕಿದೆ. ಮಡಿಯಲ್ಲಿದ್ದವಳು, ಹೊಸ್ತಿಲು ದಾಟಿ ಬಂದು ನನ್ನ ಕೈ ಹಿಡಿದುಬಿಟ್ಟಳು.

"ಬಂದ್ ಮಾಡಬ್ಯಾಡಕ್ಕಾ" ಅಂದಳು. "ಮತ್ತೊಮ್ಮೆ ನೀರ ಹಾಕ್ಕೋತೀನಿ."